ಹೆಸರಿಲ್ಲದ ಸೀಸೆಗಳಿಂದ ರೋಗಿಯ ಚಾರ್ಟಿನವರೆಗೆ: ಲಿಂಡಾ ರಿಚರ್ಡ್ಸ್ ಅವರ ಬದುಕು

ಪ್ರಶ್ನೆ: ನಾನು ನರ್ಸಿಂಗ್ ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ. ನಮ್ಮ ಪಠ್ಯದಲ್ಲಿ ಲಿಂಡಾ ರಿಚರ್ಡ್ಸ್ ಅವರ ಬಗ್ಗೆ ‘ಅಮೆರಿಕದ ಮೊದಲ ತರಬೇತಿ ಪಡೆದ ನರ್ಸ್’ ಎಂಬ ಒಂದೇ ಒಂದು ಸಾಲಿದೆ. ಅವರು ಮಹಿಳಾ ಆಸ್ಪತ್ರೆಯೊಂದರ ಮೇಟ್ರನ್ ಆಗಿದ್ದರೆಂದೂ ರೋಗಿಯ ಚಾರ್ಟ್ ಬರೆಯುವ ಪದ್ಧತಿ ಅವರಿಂದಲೇ ಬಂದಿತೆಂದೂ ಹಿರಿಯ ವಿದ್ಯಾರ್ಥಿನಿಯರು ಹೇಳುತ್ತಾರೆ. ಇದರಲ್ಲಿ ಎಷ್ಟು ನಿಜ? ಅವರ ಬದುಕನ್ನು ಸ್ವಲ್ಪ ವಿವರವಾಗಿ ತಿಳಿಸುವಿರಾ?

ಉತ್ತರ: ನಿಮ್ಮ ಪಠ್ಯದ ಆ ಒಂದು ಸಾಲು ಪೂರ್ತಿ ಸುಳ್ಳಲ್ಲ, ಪೂರ್ತಿ ಸರಿಯೂ ಅಲ್ಲ. ಹಿರಿಯರು ಹೇಳಿದ ಎರಡು ಮಾತುಗಳಲ್ಲಿಯೂ ಸತ್ಯವಿದೆ. ಆದರೆ ಅವುಗಳಿಗೆ ಸ್ವಲ್ಪ ವಿವರಣೆ ಬೇಕು. ‘ಮೊದಲಿಗರು’ ಎಂಬ ಪಟ್ಟವನ್ನೇ ಮುಂದಿಟ್ಟುಕೊಂಡು ಓದಿದರೆ ಲಿಂಡಾ ರಿಚರ್ಡ್ಸ್ ಅವರ ನಿಜವಾದ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ಬಹಳ ಕಾಲದಿಂದ ನನ್ನ ಅಭಿಪ್ರಾಯ. ಔಷಧದ ಹೆಸರನ್ನು ಕೂಡ ದಾದಿಗೆ ತಿಳಿಸದಿದ್ದ ಕಾಲದಲ್ಲಿ ತರಬೇತಿ ಪಡೆದವರು ಅವರು. ಅಲ್ಲಿಂದ ಹೊರಟು, ದಾದಿ ಕಂಡದ್ದನ್ನು ವೈದ್ಯರು ಓದಿ ತಿಳಿಯಬೇಕಾದ ಸ್ಥಿತಿಯನ್ನು ತಂದರು. ಆದ್ದರಿಂದ ಈ ದೂರವನ್ನು ಅವರು ಹೇಗೆ ಕ್ರಮಿಸಿದರು ಎಂಬುದರ ಸುತ್ತಲೇ ನನ್ನ ಉತ್ತರವಿರುತ್ತದೆ.

ಅವರ ಪೂರ್ಣ ಹೆಸರು ಮಲಿಂಡಾ ಆ್ಯನ್ ಜಡ್ಸನ್ ರಿಚರ್ಡ್ಸ್. ಹುಟ್ಟಿದ್ದು 1841ರ ಜುಲೈ 27ರಂದು, ನ್ಯೂಯಾರ್ಕ್ ರಾಜ್ಯದ ಪಾಟ್ಸ್‌ಡ್ಯಾಮ್ ಬಳಿಯ ಹಳ್ಳಿಯೊಂದರಲ್ಲಿ. ತಂದೆ ಧರ್ಮಬೋಧಕರು. ಬರ್ಮಾ ದೇಶದಲ್ಲಿ ಮಿಷನರಿಯಾಗಿದ್ದ ಆ್ಯನ್ ಜಡ್ಸನ್ ಅವರ ಹೆಸರನ್ನು ಮಗಳಿಗೆ ಇಟ್ಟದ್ದರಲ್ಲಿಯೇ ತಂದೆಯ ಆಸೆ ಏನಿತ್ತೆಂಬುದು ತಿಳಿಯುತ್ತದೆ. ಆದರೆ ಲಿಂಡಾಗೆ ನಾಲ್ಕು ವರ್ಷವಾಗಿದ್ದಾಗ ತಂದೆ ಕ್ಷಯದಿಂದ ತೀರಿಕೊಂಡರು. ಕುಟುಂಬ ವರ್ಮಾಂಟ್ ರಾಜ್ಯಕ್ಕೆ, ಅಜ್ಜನ ಮನೆಯ ಆಸರೆಗೆ ಬಂದಿತು. ಕೆಲವು ವರ್ಷಗಳ ನಂತರ ತಾಯಿಗೂ ಅದೇ ರೋಗ ತಗಲಿತು. ಹಾಸಿಗೆ ಹಿಡಿದ ತಾಯಿಯ ಆರೈಕೆ ಮಾಡಿದ್ದು ಇನ್ನೂ ಹದಿಮೂರು ತುಂಬುತ್ತಿದ್ದ ಈ ಹುಡುಗಿ. 1854ರಲ್ಲಿ ತಾಯಿಯೂ ಹೋದರು.

ಆ ಕಾಲದ ಹಳ್ಳಿಗಳಲ್ಲಿ ‘ಹುಟ್ಟಾ ದಾದಿ’ ಎಂಬ ಒಂದು ಮಾತು ಬಳಕೆಯಲ್ಲಿತ್ತು. ಯಾರ ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಕರೆ ಬರುತ್ತಿದ್ದುದು ಇಂಥ ಹೆಣ್ಣುಮಕ್ಕಳಿಗೆ. ಅದಕ್ಕೆ ಸಂಬಳವಿರಲಿಲ್ಲ, ಕಲಿಕೆಯೂ ಇರಲಿಲ್ಲ. ಕೈಗುಣ ಮತ್ತು ತಾಳ್ಮೆ ಇದ್ದರೆ ಸಾಕು ಎಂಬ ನಂಬಿಕೆಯಿತ್ತು. ಲಿಂಡಾ ಹದಿನೈದನೆಯ ವಯಸ್ಸಿನಲ್ಲಿಯೇ ಶಾಲಾ ಶಿಕ್ಷಕಿಯಾದರೂ ಊರಿನವರ ಪಾಲಿಗೆ ಅವರು ಇಂಥ ಹುಟ್ಟಾ ದಾದಿಯೇ ಆಗಿದ್ದರು. ಊರಿನ ವೈದ್ಯರೊಬ್ಬರು ತಮ್ಮ ರೋಗಿಗಳ ಮನೆಗೆ ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಒಂದಷ್ಟು ತಿಳಿಸಿಕೊಟ್ಟರು. ಆಮೇಲೆ ಅಂತರ್ಯುದ್ಧ ಬಂದಿತು. ಅವರು ಮದುವೆಯಾಗಬೇಕಿದ್ದ ಜಾರ್ಜ್ ಪೂಲ್ ಎಂಬ ಯುವಕ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು 1865ರಲ್ಲಿ ಹಿಂದಿರುಗಿದರು, ಮತ್ತೆ ಚೇತರಿಸಿಕೊಳ್ಳಲಿಲ್ಲ. 1869ರಲ್ಲಿ ಅವರು ಸಾಯುವವರೆಗೆ ಅವರನ್ನು ನೋಡಿಕೊಂಡವರೂ ಲಿಂಡಾ ಅವರೇ. ಇಪ್ಪತ್ತೆಂಟು ತುಂಬುವ ಹೊತ್ತಿಗೆ ಹೀಗೆ ಮೂರು ಸಾವುಗಳು ಮನೆಯೊಳಗೇ ಆಗಿದ್ದವು. ಅವುಗಳಲ್ಲಿ ಎರಡು ಇವರ ಕೈಯಾರೈಕೆಯಲ್ಲಿಯೇ.

ಅದಾದ ಮೇಲೆ ಅವರು ಬಾಸ್ಟನ್ ನಗರಕ್ಕೆ ಬಂದು ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಸಹಾಯಕ ದಾದಿಯ ಕೆಲಸಕ್ಕೆ ಸೇರಿದರು. ಅಲ್ಲಿ ಉಳಿದದ್ದು ಮೂರೇ ತಿಂಗಳು. ಕಲಿಸುವವರು ಯಾರೂ ಇರಲಿಲ್ಲ, ದುಡಿಮೆಗೆ ಮಿತಿಯಿರಲಿಲ್ಲ. ಜೊತೆಯ ಕೆಲಸಗಾರ್ತಿಯರಲ್ಲಿ ಅನೇಕರಿಗೆ ರೋಗಿಯ ನೋವಿನ ಬಗ್ಗೆ ಕನಿಕರವೇ ಇರಲಿಲ್ಲವೆಂದು ಅವರು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದೇಹ ತಾಳದೆ ಕೆಲಸ ಬಿಟ್ಟರು. ಆದರೆ ತಪ್ಪು ಆ ಹೆಂಗಸರದೆಂದು ಹೇಳಿ ಅವರು ಸುಮ್ಮನಾಗಲಿಲ್ಲ. ಇದು ಕಲಿಸಬೇಕಾದ ವಿದ್ಯೆ, ಆದರೆ ಕಲಿಸುವ ಸ್ಥಳವೇ ಇಲ್ಲ ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ಅವರ ಮುಂದಿನ ನಡೆಗಳನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಮೂರು ತಿಂಗಳುಗಳನ್ನು ನೆನಪಿನಲ್ಲಿಡಿ.

ಈಗ ನೀವು ಕೇಳಿದ ಮಹಿಳಾ ಆಸ್ಪತ್ರೆಗೆ ಬರೋಣ. ಅದರ ಹೆಸರು ‘ಮಹಿಳೆಯರ ಮತ್ತು ಮಕ್ಕಳ ನ್ಯೂ ಇಂಗ್ಲೆಂಡ್ ಆಸ್ಪತ್ರೆ’. ಸ್ಥಾಪಿಸಿದವರು ಮೇರಿ ಜಕ್‌ಶೆವ್‌ಸ್ಕಾ. 1829ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿ, ಅಲ್ಲಿಯ ಪ್ರಸಿದ್ಧ ಶಾರಿಟೆ ಆಸ್ಪತ್ರೆಯಲ್ಲಿ ಮುಖ್ಯ ಸೂಲಗಿತ್ತಿಯಾಗಿದ್ದು, ಅಮೆರಿಕಕ್ಕೆ ವಲಸೆ ಬಂದು ವೈದ್ಯ ಪದವಿ ಪಡೆದವರು ಅವರು. 1862ರಲ್ಲಿ ಬಾಸ್ಟನ್‌ನಲ್ಲಿ ಈ ಆಸ್ಪತ್ರೆಯನ್ನು ತೆರೆದಾಗ ಅದಕ್ಕೆ ಮೂರು ಗುರಿಗಳಿದ್ದವು: ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಸಿಗಬೇಕು, ವೈದ್ಯಕೀಯ ಓದಿದ ಹೆಂಗಸರಿಗೆ ರೋಗಿಗಳ ನಡುವೆ ಕೈಪಳಗಿಸಿಕೊಳ್ಳಲು ಜಾಗ ಬೇಕು, ದಾದಿಯರನ್ನು ತರಬೇತುಗೊಳಿಸಬೇಕು. ಎರಡನೆಯ ಗುರಿ ಏಕೆ ಬೇಕಾಯಿತೆಂದರೆ, ಅದೇ ನಗರದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಅದು ತೆರೆದದ್ದು 1945ರಲ್ಲಿ. ಸೂಸನ್ ಡಿಮಾಕ್ ಎಂಬ ತರುಣಿ ಹಾರ್ವರ್ಡ್‌ನಲ್ಲಿ ಪ್ರವೇಶ ಸಿಗದೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಹೋಗಿ 1871ರಲ್ಲಿ ವೈದ್ಯ ಪದವಿ ಪಡೆದು ಬಂದು, 1872ರಲ್ಲಿ ಈ ಆಸ್ಪತ್ರೆಯ ನಿವಾಸಿ ವೈದ್ಯೆಯಾದರು. ದಾದಿಯರ ತರಬೇತಿಗೆ ಕ್ರಮಬದ್ಧವಾದ ಒಂದು ವರ್ಷದ ಪಾಠಕ್ರಮವನ್ನು ಹಾಕಿಕೊಟ್ಟವರು ಅವರೇ. 1872ರ ಸೆಪ್ಟೆಂಬರ್ 1ರಂದು ಶಾಲೆ ಆರಂಭವಾದಾಗ ಸೇರಿದ ಐವರಲ್ಲಿ ಮೊದಲು ಹೆಸರು ಬರೆಸಿದವರು ಲಿಂಡಾ ರಿಚರ್ಡ್ಸ್. ಆಗ ಅವರಿಗೆ ಮೂವತ್ತೊಂದು ವರ್ಷ, ಕಲಿಸುತ್ತಿದ್ದ ಡಿಮಾಕ್ ಅವರಿಗೆ ಇಪ್ಪತ್ತೈದು.

ಆ ಒಂದು ವರ್ಷ ಹೇಗಿತ್ತು ಎಂಬುದನ್ನು ಅವರು ತಮ್ಮ ನೆನಪುಗಳಲ್ಲಿ ವಿವರವಾಗಿ ಹೇಳಿದ್ದಾರೆ. ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಒಂಬತ್ತರವರೆಗೆ ವಾರ್ಡಿನ ಕೆಲಸ. ಒಬ್ಬೊಬ್ಬ ವಿದ್ಯಾರ್ಥಿನಿಯ ಪಾಲಿಗೆ ಆರು ರೋಗಿಗಳು. ಅವರ ಹೊಣೆ ಹಗಲಿಗೆ ಮುಗಿಯುತ್ತಿರಲಿಲ್ಲ. ವಾರ್ಡಿಗೆ ಹೊಂದಿಕೊಂಡ ಪುಟ್ಟ ಕೋಣೆಯಲ್ಲಿ ಮಲಗಿದರೂ ರೋಗಿ ಕರೆದಾಗ ಏಳಲೇಬೇಕಿತ್ತು. ಒಂದೇ ರಾತ್ರಿಯಲ್ಲಿ ಒಂಬತ್ತು ಸಲ ಎದ್ದದ್ದೂ ಉಂಟು ಎಂದು ಅವರು ಬರೆಯುತ್ತಾರೆ. ಎರಡು ವಾರಕ್ಕೊಮ್ಮೆ ಒಂದು ಮಧ್ಯಾಹ್ನ, ಎರಡರಿಂದ ಐದು ಗಂಟೆಯವರೆಗೆ ಬಿಡುವು. ಸಂಜೆಯ ರಜೆ ಎಂಬುದೇ ಇರಲಿಲ್ಲ. ಸಮವಸ್ತ್ರವೂ ಇರಲಿಲ್ಲ, ಒಗೆಯಲು ಬರುವ ಸಾದಾ ಹತ್ತಿಯ ಉಡುಪು, ಸದ್ದು ಮಾಡದ ಮೆತ್ತನೆಯ ಪಾದರಕ್ಷೆ ಇದ್ದರೆ ಸಾಕಿತ್ತು. ಪಠ್ಯಪುಸ್ತಕಗಳಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ಕೊನೆಯ ಪರೀಕ್ಷೆಯೂ ಇಲ್ಲ. ವೈದ್ಯೆಯರು ವರ್ಷದಲ್ಲಿ ಹನ್ನೆರಡು ಉಪನ್ಯಾಸಗಳನ್ನು ಕೊಟ್ಟರು. ಜ್ವರಮಾಪಕದಿಂದ ಜ್ವರ ನೋಡುವುದು, ನಾಡಿ ಮತ್ತು ಉಸಿರನ್ನು ಎಣಿಸುವುದು, ಬಗೆಬಗೆಯ ಪಟ್ಟಿ ಕಟ್ಟುವುದು, ಇವನ್ನು ಕಿರಿಯ ವೈದ್ಯೆಯರು ರೋಗಿಯ ಹಾಸಿಗೆಯ ಬಳಿಯೇ ತೋರಿಸಿಕೊಟ್ಟರು. ಒಳರೋಗ, ಶಸ್ತ್ರಚಿಕಿತ್ಸೆ, ಹೆರಿಗೆ ವಿಭಾಗಗಳಲ್ಲಿ ಸರದಿಯಂತೆ ದುಡಿದು ಕಲಿಯಬೇಕಿತ್ತು.

ಆ ಬರಹದಲ್ಲಿ ನನ್ನನ್ನು ಬಹುವಾಗಿ ಕಾಡಿದ ವಿವರ ಬೇರೊಂದಿದೆ. ವಾರ್ಡಿನ ಔಷಧದ ಸೀಸೆಗಳ ಮೇಲೆ ಔಷಧದ ಹೆಸರು ಇರುತ್ತಿರಲಿಲ್ಲ. ಬರೀ ಅಂಕಿ ಇರುತ್ತಿತ್ತು. ತಾವು ಯಾವ ಔಷಧವನ್ನು ಕೊಡುತ್ತಿದ್ದೇವೆಂದು ದಾದಿಯರಿಗೆ ತಿಳಿಯಬಾರದೆಂದು ವಿಶೇಷ ಎಚ್ಚರ ವಹಿಸಲಾಗುತ್ತಿತ್ತು. ಗಮನಿಸಿ, ಇದು ಹೆಂಗಸರನ್ನು ಕೀಳಾಗಿ ಕಂಡ ಗಂಡಸರ ಆಸ್ಪತ್ರೆಯಲ್ಲ. ಓದುವ ಹಕ್ಕಿಗಾಗಿ ಸಾಗರ ದಾಟಿದ ಹೆಂಗಸರೇ ನಡೆಸುತ್ತಿದ್ದ ಆಸ್ಪತ್ರೆ. ವೈದ್ಯೆಯಾಗಲು ತಾವು ಪಟ್ಟ ಪಾಡು ಅವರಿಗೆ ಗೊತ್ತಿತ್ತು; ಆದರೂ ವೈದ್ಯೆಗೂ ದಾದಿಗೂ ನಡುವಿನ ಗೆರೆಯನ್ನು ಅವರು ಜ್ಞಾನದ ಮೇಲೆಯೇ ಎಳೆದಿದ್ದರು. ಇದಕ್ಕಾಗಿ ಅವರನ್ನು ದೂಷಿಸಬೇಕೆಂದು ನಾನು ಹೇಳುತ್ತಿಲ್ಲ, ಏಕೆಂದರೆ ದಾದಿ ಔಷಧ ತಿಳಿದರೆ ತಾನೇ ವೈದ್ಯೆಯಂತೆ ನಡೆದುಕೊಂಡಾಳು ಎಂಬ ಭಯ ಆ ಕಾಲದಲ್ಲಿ ಎಲ್ಲೆಡೆಯೂ ಇತ್ತು. ಹೆಂಗಸರ ವೈದ್ಯವೃತ್ತಿಯೇ ಅನುಮಾನದ ಕಣ್ಣಿನಡಿಯಲ್ಲಿದ್ದಾಗ ಅದನ್ನು ಕಾಪಾಡಿಕೊಳ್ಳುವ ಆತಂಕವೂ ಅದರೊಂದಿಗೆ ಸೇರಿರಬಹುದು. ಆದರೆ ಅಂಕಿಯ ಸೀಸೆಯಿಂದ ಔಷಧ ಸುರಿದು ಕೊಡುತ್ತಿದ್ದ ಆ ವಿದ್ಯಾರ್ಥಿನಿ ಮರುವರ್ಷವೇ ಏನು ಮಾಡಿದಳೆಂಬುದನ್ನು ನೋಡಿದಾಗ ಈ ವಿವರಕ್ಕೆ ತೂಕ ಬರುತ್ತದೆ.

1873ರಲ್ಲಿ ತರಬೇತಿ ಮುಗಿಸಿ ಶಾಲೆಯ ಮೊದಲ ಪ್ರಮಾಣಪತ್ರ ಪಡೆದ ರಿಚರ್ಡ್ಸ್, ಅದೇ ವರ್ಷ ನ್ಯೂಯಾರ್ಕ್ ನಗರದ ಬೆಲ್‌ವ್ಯೂ ಆಸ್ಪತ್ರೆಗೆ ರಾತ್ರಿ ಪಾಳಿಯ ಮೇಲ್ವಿಚಾರಕಿಯಾಗಿ ಹೋದರು. ಬಡವರಲ್ಲಿ ಬಡವರು ಬರುತ್ತಿದ್ದ ಬಹಳ ದೊಡ್ಡ ಸಾರ್ವಜನಿಕ ಆಸ್ಪತ್ರೆ ಅದು. ಅದಕ್ಕೂ ಮೊದಲು ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಸಣ್ಣಪುಟ್ಟ ಅಪರಾಧಗಳಿಗೆ ಶಿಕ್ಷೆಗೊಳಗಾಗಿ ದುಡಿಮೆಮನೆಯಿಂದ ಕಳುಹಿಸಲ್ಪಟ್ಟ ಹೆಂಗಸರೂ ಇದ್ದರು. 1873ರ ಮೇ ತಿಂಗಳಿನಲ್ಲಿ ಅಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ತತ್ತ್ವಗಳನ್ನು ಅನುಸರಿಸಿ ದಾದಿಯರ ಶಾಲೆ ತೆರೆದಿತ್ತು. ಇಂಗ್ಲೆಂಡಿನ ಸನ್ಯಾಸಿನಿ ಸಂಘವೊಂದಕ್ಕೆ ಸೇರಿದ ಸಿಸ್ಟರ್ ಹೆಲೆನ್ ಅದರ ಮುಖ್ಯಸ್ಥೆಯಾಗಿದ್ದರು. ರಾತ್ರಿಯ ಹೊತ್ತು ವಾರ್ಡುಗಳ ಗ್ಯಾಸ್ ದೀಪಗಳನ್ನು ಬಹುಮಟ್ಟಿಗೆ ತಗ್ಗಿಸಿಬಿಡುತ್ತಿದ್ದುದರಿಂದ, ಲೆಕ್ಕ ಹಾಕಿ ಕೊಡುತ್ತಿದ್ದ ಮೇಣದ ಬತ್ತಿಗಳ ಬೆಳಕಿನಲ್ಲಿಯೇ ದಾದಿಯರು ರೋಗಿಗಳನ್ನು ನೋಡಿಕೊಳ್ಳಬೇಕಾಗಿತ್ತು.

ನಿಮ್ಮ ಹಿರಿಯರು ಹೇಳಿದ ಚಾರ್ಟಿನ ಸಂಗತಿ ಇಲ್ಲಿ ಹುಟ್ಟಿತು. ಆವರೆಗೆ ರಾತ್ರಿ ಪಾಳಿಯವರು ಹಗಲು ಪಾಳಿಯವರಿಗೆ ಬಾಯಿಮಾತಿನಲ್ಲಿ ವರದಿ ಒಪ್ಪಿಸುತ್ತಿದ್ದರು. ರಾತ್ರಿಯಿಡೀ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಓಡಾಡಿದ ಮೇಲ್ವಿಚಾರಕಿ ಬೆಳಿಗ್ಗೆ ಎಷ್ಟು ರೋಗಿಗಳ ಸ್ಥಿತಿಯನ್ನು ನೆನಪಿನಿಂದ ಹೇಳಲು ಸಾಧ್ಯ? ರಿಚರ್ಡ್ಸ್ ರೋಗಿಯ ಸ್ಥಿತಿಯಲ್ಲಿ ಕಂಡ ಬದಲಾವಣೆಗಳನ್ನೂ ಕೊಟ್ಟ ಉಪಚಾರವನ್ನೂ ಬರೆದಿಡತೊಡಗಿದರು. ಬರಹದಲ್ಲಿರುವ ವರದಿಯ ಉಪಯೋಗ ವೈದ್ಯರ ಗಮನಕ್ಕೆ ಬಂದಿತು. ತಮ್ಮ ರೋಗಿಗಳಿಗೆ ಹಾಗೆಯೇ ಬರೆದಿಡಬೇಕೆಂದು ಅವರೇ ಬಯಸಿದರು. ಹೀಗೆ ಒಬ್ಬೊಬ್ಬ ರೋಗಿಗೂ ಪ್ರತ್ಯೇಕವಾಗಿ ದಾದಿ ಬರೆಯುವ ದಾಖಲೆಯ ಪದ್ಧತಿ ನೆಲೆಗೊಂಡಿತು, ಅವರು ಮುಂದೆ ಹೋದ ಆಸ್ಪತ್ರೆಗಳಿಗೂ ಅವರ ಜೊತೆಯಲ್ಲಿಯೇ ಸಾಗಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ರೋಗಿಯ ದಾಖಲೆಯನ್ನು ಕಂಡುಹಿಡಿದವರು ಲಿಂಡಾ ರಿಚರ್ಡ್ಸ್’ ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ವೈದ್ಯರು ರೋಗಿಗಳ ವಿವರವನ್ನು ಬರೆದಿಡುವುದು ಅವರಿಗಿಂತ ಬಹಳ ಹಿಂದಿನಿಂದಲೂ ಇತ್ತು. ಅವರು ತಂದದ್ದು ದಾದಿಯ ಬರಹವನ್ನು. ಮಾತಿನಲ್ಲಿ ಇದು ಸಣ್ಣ ವ್ಯತ್ಯಾಸದಂತೆ ಕಂಡರೂ ವಾರ್ಡಿನಲ್ಲಿ ನಿಂತು ನೋಡಿದರೆ ದೊಡ್ಡದು. ವೈದ್ಯರು ರೋಗಿಯನ್ನು ಕಾಣುವುದು ದಿನದಲ್ಲಿ ಕೆಲವು ನಿಮಿಷ. ಉಳಿದ ಹೊತ್ತಿನಲ್ಲಿ ಜ್ವರ ಯಾವಾಗ ಏರಿತು, ನಿದ್ರೆ ಎಷ್ಟು ಬಂದಿತು, ಔಷಧ ಕೊಟ್ಟ ಮೇಲೆ ಏನಾಯಿತು, ಮೂತ್ರ ಹೋಯಿತೇ, ನೋವು ಎಲ್ಲಿಗೆ ಸರಿಯಿತು ಎಂಬುದೆಲ್ಲ ದಾದಿಯ ಕಣ್ಣಿಗೆ ಮಾತ್ರ ಬೀಳುವ ಸಂಗತಿಗಳು. ಅವು ಬಾಯಿಮಾತಾಗಿದ್ದಾಗ ಗಾಳಿಗೆ ಹೋಗುತ್ತಿದ್ದವು. ಕಾಗದಕ್ಕೆ ಇಳಿದ ಮೇಲೆ ಚಿಕಿತ್ಸೆಯ ಭಾಗವಾದವು, ಬರೆದವಳು ಹೊಣೆಗಾರಳಾದಳು, ಓದಿದ ವೈದ್ಯರು ಅವಳ ಗ್ರಹಿಕೆಯನ್ನು ನೆಚ್ಚಬೇಕಾಯಿತು. ಔಷಧದ ಹೆಸರನ್ನೇ ಮುಚ್ಚಿಟ್ಟಿದ್ದ ವ್ಯವಸ್ಥೆಯಲ್ಲಿ ಕಲಿತ ಹೆಂಗಸೇ ಈ ಕೆಲಸ ಮಾಡಿದರು ಎಂಬುದು ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಮಹತ್ವದ ಸಂಗತಿ. ಪಾಳಿ ಮುಗಿಸುವ ಮುನ್ನ ನರ್ಸಸ್ ನೋಟ್ಸ್ ಬರೆಯುವುದು ನಿಮಗೆ ಬೇಸರದ ಕೆಲಸವೆನಿಸಿದ ದಿನ ಇದನ್ನು ನೆನೆಯಿರಿ ಎಂದು ನನ್ನ ವಿದ್ಯಾರ್ಥಿನಿಯರಿಗೂ ಹೇಳುತ್ತ ಬಂದಿದ್ದೇನೆ.

ಬೆಲ್‌ವ್ಯೂನಲ್ಲಿ ಅವರು ಒಂದು ವರ್ಷವಷ್ಟೇ ಇದ್ದರು. 1874ರ ನವೆಂಬರ್‌ನಲ್ಲಿ ಬಾಸ್ಟನ್ನಿಗೆ ಮರಳಿ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸೇರಿದ ಬಾಸ್ಟನ್ ತರಬೇತಿ ಶಾಲೆಯ ಮುಖ್ಯಸ್ಥೆಯಾದರು. ಆ ಶಾಲೆ ಹುಟ್ಟಿ ಒಂದು ವರ್ಷವಾಗಿತ್ತು, ಬಾಳುತ್ತದೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿತ್ತು. ತರಬೇತಿ ಪಡೆದ ದಾದಿಯರಿಂದ ಉಪಯೋಗಕ್ಕಿಂತ ಉಪದ್ರವವೇ ಹೆಚ್ಚೆಂದು ನಂಬಿದ್ದ ವೈದ್ಯರು ಅಲ್ಲಿ ಕಡಿಮೆಯಿರಲಿಲ್ಲ. ರಿಚರ್ಡ್ಸ್ ಅವರೊಡನೆ ವಾದಕ್ಕೆ ಇಳಿಯದೆ, ತಾವೇ ವಾರ್ಡಿನಲ್ಲಿ ನಿಂತು ಕಷ್ಟದ ರೋಗಿಗಳ ಆರೈಕೆ ಮಾಡಿ ತೋರಿಸಿ, ವಿದ್ಯಾರ್ಥಿನಿಯರಿಗೆ ಕ್ರಮವಾಗಿ ತರಗತಿಗಳನ್ನು ನಡೆಸಿ, ಶುಶ್ರೂಷೆಯ ಕೆಲಸವನ್ನು ಕಸಮುಸುರೆಯ ಕೆಲಸದಿಂದ ಮೆಲ್ಲಮೆಲ್ಲನೆ ಬೇರ್ಪಡಿಸಿದರು. 1877ರಲ್ಲಿ ಅವರು ಹೊರಡುವ ಹೊತ್ತಿಗೆ ಶಾಲೆ ಗಟ್ಟಿಯಾಗಿ ನೆಲೆಯೂರಿತ್ತು.

ಹೊರಟದ್ದು ಇಂಗ್ಲೆಂಡಿಗೆ. ತಾನು ಕಲಿತದ್ದು ಸಾಲದು ಎಂಬ ಅರಿವು ಅವರಲ್ಲಿ ಕೊನೆಯವರೆಗೂ ಇತ್ತು. ಎರಡು ಶಾಲೆಗಳಲ್ಲಿ ದುಡಿದು ಹೆಸರು ಮಾಡಿದ ಮೇಲೂ ಮತ್ತೆ ವಿದ್ಯಾರ್ಥಿನಿಯಾಗಲು ಅವರಿಗೆ ಸಂಕೋಚವಿರಲಿಲ್ಲ. ಲಂಡನ್ನಿನ ಸೇಂಟ್ ಥಾಮಸ್ ಮತ್ತು ಕಿಂಗ್ಸ್ ಕಾಲೇಜ್ ಆಸ್ಪತ್ರೆಗಳಲ್ಲಿಯೂ ಎಡಿನ್‌ಬರೋದ ರಾಯಲ್ ಇನ್‌ಫರ್ಮರಿಯಲ್ಲಿಯೂ ಕೆಲಸದ ರೀತಿಯನ್ನು ನೋಡಿ ತಿಳಿದುಕೊಂಡರು. ನೈಟಿಂಗೇಲ್ ಅವರನ್ನು ಮುಖತಃ ಕಂಡರು. ಆ ಹಿರಿಯರು ಎಡಿನ್‌ಬರೋದ ಶಾಲೆಯ ಮುಖ್ಯಸ್ಥೆಗೆ ಬರೆದ ಪತ್ರದಲ್ಲಿ, ಈ ಅಮೆರಿಕನ್ ಹೆಂಗಸು ನಮ್ಮಿಂದ ಕಲಿಯುವಷ್ಟೇ ನಾವೂ ಅವಳಿಂದ ಕಲಿಯಬೇಕಾದುದಿದೆ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ನೈಟಿಂಗೇಲ್ ಹೊಗಳಿಕೆಯನ್ನು ಧಾರಾಳವಾಗಿ ಹಂಚುವವರಾಗಿರಲಿಲ್ಲ.

ಹಿಂದಿರುಗಿ 1878ರಲ್ಲಿ ಅವರು ಸೇರಿದ ಆಸ್ಪತ್ರೆ ಯಾವುದು ಗೊತ್ತೇ? ಒಂದು ಕಾಲಕ್ಕೆ ಮೂರೇ ತಿಂಗಳಲ್ಲಿ ಬಿಟ್ಟು ಬಂದಿದ್ದ ಬಾಸ್ಟನ್ ಸಿಟಿ ಆಸ್ಪತ್ರೆಯೇ. ಅಲ್ಲಿಯ ಮುಖ್ಯಾಧಿಕಾರಿ ಡಾಕ್ಟರ್ ಎಡ್ವರ್ಡ್ ಕೌಲ್ಸ್ ಅವರೊಡನೆ ಸೇರಿ ದಾದಿಯರ ಶಾಲೆಯನ್ನು ತೆರೆದರು. ಬೇರೆಡೆ ಶಾಲೆಯನ್ನು ಹೊರಗಿನ ಸಮಿತಿಗಳು ನಡೆಸುತ್ತಿದ್ದರೆ ಇಲ್ಲಿ ಅದು ಆಸ್ಪತ್ರೆಯದೇ ಅಂಗವಾಗಿತ್ತು. ನಡುವೆ ಆರೋಗ್ಯ ಕೆಟ್ಟು ದೀರ್ಘ ಕಾಲ ಬಿಡುವು ತೆಗೆದುಕೊಳ್ಳಬೇಕಾಯಿತಾದರೂ 1885ರವರೆಗೆ ಆ ಸಂಸ್ಥೆಯೊಂದಿಗೆ ಅವರ ನಂಟು ಉಳಿಯಿತು.

ಅದಾದ ಮೇಲೆ ತಂದೆಯ ಹಳೆಯ ಆಸೆ ಒಂದು ರೀತಿಯಲ್ಲಿ ನೆರವೇರಿತು. ಅಮೆರಿಕದ ಮಿಷನ್ ಮಂಡಳಿಯೊಂದು ಅವರನ್ನು ಜಪಾನಿಗೆ ಕಳುಹಿಸಿತು. 1886ರ ಆರಂಭದಲ್ಲಿ ಕ್ಯೋಟೋ ನಗರವನ್ನು ತಲುಪಿ, ನೀಜಿಮಾ ಜೋ ಅವರು ಸ್ಥಾಪಿಸಿದ್ದ ದೋಶಿಶಾ ಸಂಸ್ಥೆಯಲ್ಲಿ ಡಾಕ್ಟರ್ ಜಾನ್ ಬೆರ್ರಿ ಅವರೊಡನೆ ದಾದಿಯರ ಶಾಲೆಯನ್ನು ಕಟ್ಟಿದರು. ನಲವತ್ತೈದರ ಹೊಸ್ತಿಲಲ್ಲಿ ಹೊಸ ಭಾಷೆ ಕಲಿತು, ಆ ಭಾಷೆಯಲ್ಲಿಯೇ ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸಿದರು. ಇದನ್ನು ಜಪಾನಿನ ಮೊಟ್ಟಮೊದಲ ದಾದಿಯರ ಶಾಲೆ ಎಂದು ಕೆಲವು ಪುಸ್ತಕಗಳು ಹೇಳುತ್ತವೆ. ಅದು ಸರಿಯಲ್ಲ, ನೌಕಾಪಡೆಯ ವೈದ್ಯರಾಗಿದ್ದ ತಕಾಕಿ ಕನೆಹಿರೊ ಅವರು 1885ರಲ್ಲಿಯೇ ಟೋಕಿಯೋದಲ್ಲಿ ಅಂಥ ಶಾಲೆಯನ್ನು ಆರಂಭಿಸಿದ್ದರು. ಸುಮಾರು ಐದು ವರ್ಷ ದುಡಿದು, ಆರೋಗ್ಯ ಕುಂದಿದ್ದರಿಂದ ರಿಚರ್ಡ್ಸ್ ತಾಯ್ನಾಡಿಗೆ ಮರಳಿದರು.

ಈಗ ‘ಮೇಟ್ರನ್’ ಎಂಬ ಪದದ ಬಗ್ಗೆ. ಆಸ್ಪತ್ರೆಯ ದಾದಿಯರ ಮೇಲಧಿಕಾರಿಯನ್ನು ಮೇಟ್ರನ್ ಎಂದು ಕರೆಯುವುದು ಇಂಗ್ಲೆಂಡಿನ ರೂಢಿ. ನಮಗೂ ಆ ಪದ ಅಲ್ಲಿಂದಲೇ ಬಂದಿತು. ಅಮೆರಿಕದಲ್ಲಿ ಅದೇ ಕೆಲಸ ಮಾಡುವವರನ್ನು ಬಹುಮಟ್ಟಿಗೆ ದಾದಿಯರ ಸೂಪರಿಂಟೆಂಡೆಂಟ್ ಅಥವಾ ತರಬೇತಿ ಶಾಲೆಯ ಸೂಪರಿಂಟೆಂಡೆಂಟ್ ಎನ್ನುತ್ತಿದ್ದರು. ಹೆಸರು ಬೇರೆಯಾದರೂ ಕೆಲಸ ಬಹುಪಾಲು ಒಂದೇ: ಯಾವ ವಾರ್ಡಿಗೆ ಯಾರು, ಯಾವ ಪಾಳಿಗೆ ಯಾರು ಎಂದು ನಿಶ್ಚಯಿಸುವುದು, ವಿದ್ಯಾರ್ಥಿನಿಯರಿಗೆ ಕಲಿಸುವುದು, ಅವರ ನಡತೆ ಮತ್ತು ಆರೋಗ್ಯದ ಮೇಲೆ ಕಣ್ಣಿಡುವುದು, ವೈದ್ಯರು ಮತ್ತು ಆಡಳಿತದವರ ಮುಂದೆ ದಾದಿಯರ ಪರವಾಗಿ ನಿಲ್ಲುವುದು. ಜಪಾನಿನಿಂದ ಮರಳಿದ ನಂತರ, 1890ರ ದಶಕದಲ್ಲಿ, ರಿಚರ್ಡ್ಸ್ ತಾವು ಕಲಿತ ಆ ಮಹಿಳಾ ಆಸ್ಪತ್ರೆಯ ದಾದಿಯರ ಶಾಲೆಗೇ ಸ್ವಲ್ಪ ಕಾಲ ಮುಖ್ಯಸ್ಥೆಯಾಗಿದ್ದರು. ಆ ಅರ್ಥದಲ್ಲಿ ಹಿರಿಯ ವಿದ್ಯಾರ್ಥಿನಿಯರ ಮಾತು ಸರಿ. ಆದರೆ ಬದುಕಿಡೀ ಅಲ್ಲಿಯೇ ಮೇಟ್ರನ್ ಆಗಿದ್ದರೆಂದು ತಿಳಿಯಬಾರದು. ಆ ದಶಕದಲ್ಲಿ ಫಿಲಡೆಲ್ಫಿಯಾ, ಬ್ರೂಕ್ಲಿನ್, ಹಾರ್ಟ್‌ಫರ್ಡ್ ಎಂದು ಅವರು ಊರಿಂದೂರಿಗೆ ಹೋಗುತ್ತಲೇ ಇದ್ದರು. ಒಂದೆಡೆ ಶಾಲೆ ಕಟ್ಟಿ, ಅದು ತನ್ನ ಕಾಲ ಮೇಲೆ ನಿಲ್ಲುವುದನ್ನು ಕಂಡು, ಇನ್ನೊಂದೆಡೆಗೆ ಹೊರಡುವುದು ಅವರ ರೀತಿಯಾಗಿತ್ತು. ಇದನ್ನು ಚಂಚಲತೆ ಎಂದು ಎಣಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಲಿಸಬಲ್ಲವರು ಬೆರಳೆಣಿಕೆಯಷ್ಟಿದ್ದು, ಶಾಲೆಗಳಿಗೆ ಬೇಡಿಕೆ ಎಲ್ಲೆಡೆ ಇದ್ದ ಕಾಲದಲ್ಲಿ, ಒಬ್ಬ ಶಿಕ್ಷಕಿ ಒಂದೇ ಕಡೆ ಬೇರೂರಿದ್ದರೆ ಉಳಿದ ಕಡೆಯವರಿಗೆ ಆ ವಿದ್ಯೆ ಇನ್ನಷ್ಟು ತಡವಾಗಿ ತಲುಪುತ್ತಿತ್ತು. ಇಂಥ ಶಾಲೆಗಳ ಮುಖ್ಯಸ್ಥೆಯರೆಲ್ಲ ಒಟ್ಟುಗೂಡಿ ರಾಷ್ಟ್ರಮಟ್ಟದ ಸಂಘವೊಂದನ್ನು ಕಟ್ಟಿಕೊಂಡಾಗ ಅದರ ಮೊದಲ ಅಧ್ಯಕ್ಷೆಯಾಗಿ ಆರಿಸಿದ್ದು ಅವರನ್ನೇ.

ಅವರ ವೃತ್ತಿಜೀವನದ ಕೊನೆಯ ಘಟ್ಟದ ಬಗ್ಗೆ ಪಠ್ಯಗಳು ಏನನ್ನೂ ಹೇಳುವುದಿಲ್ಲವಾದ್ದರಿಂದ ನಾನು ಹೇಳಲೇಬೇಕು. ಅರವತ್ತರ ಸಮೀಪದಲ್ಲಿ, ಹೆಚ್ಚಿನವರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಅವರು ಮಾನಸಿಕ ರೋಗಿಗಳ ಆಸ್ಪತ್ರೆಗಳಿಗೆ ಹೋದರು. ಮ್ಯಾಸಚೂಸೆಟ್ಸ್‌ನ ಟಾಂಟನ್ ಮತ್ತು ವುಸ್ಟರ್, ಮಿಷಿಗನ್‌ನ ಕಲಮಜೂ, ಹೀಗೆ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ದಾದಿಯರ ತರಬೇತಿಯನ್ನು ರೂಪಿಸಿದರು. ಅವರೊಡನೆ ಹಿಂದೆ ದುಡಿದಿದ್ದ ಡಾಕ್ಟರ್ ಕೌಲ್ಸ್ ಮ್ಯಾಕ್ಲೀನ್ ಮಾನಸಿಕ ಆಸ್ಪತ್ರೆಯಲ್ಲಿ 1882ರಲ್ಲಿಯೇ ಇಂಥ ಶಾಲೆಯನ್ನು ಆರಂಭಿಸಿದ್ದರೂ, ಬಹುಪಾಲು ಕಡೆ ಮಾನಸಿಕ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಕಾವಲುಗಾರರಂತಿದ್ದರೇ ಹೊರತು ದಾದಿಯರಾಗಿರಲಿಲ್ಲ. ದೇಹದ ಕಾಯಿಲೆಯವರಿಗೆ ಸಿಗುವ ಆರೈಕೆಗಿಂತ ಮನಸ್ಸಿನ ಕಾಯಿಲೆಯವರಿಗೆ ಸಿಗುವ ಆರೈಕೆ ಯಾವ ರೀತಿಯಲ್ಲೂ ಕಡಿಮೆಯಾಗಿರಬಾರದು ಎಂಬುದು ರಿಚರ್ಡ್ಸ್ ಅವರ ನಿಲುವು. ಬಾಸ್ಟನ್ ಸಿಟಿ ಆಸ್ಪತ್ರೆಯ ಕನಿಕರವಿಲ್ಲದ ವಾರ್ಡಿನಿಂದ ಎದ್ದು ಬಂದವರು, ಅಂಥದೇ ವಾರ್ಡುಗಳು ಇನ್ನೂ ಉಳಿದಿದ್ದ ಕಡೆಗೆ ಮತ್ತೆ ಹುಡುಕಿಕೊಂಡು ಹೋದರು ಎಂದು ನನಗೆ ತೋರುತ್ತದೆ. 1911ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ನಿವೃತ್ತರಾದರು. ನಾನು ಮೇಲೆ ಪದೇ ಪದೇ ಹೇಳಿದ ಅವರ ನೆನಪುಗಳ ಪುಸ್ತಕ ಪ್ರಕಟವಾದದ್ದೂ ಅದೇ ವರ್ಷ.

ಇನ್ನು ‘ಮೊದಲ ತರಬೇತಿ ಪಡೆದ ನರ್ಸ್’ ಎಂಬ ಪಟ್ಟ. ಫಿಲಡೆಲ್ಫಿಯಾದಲ್ಲಿ ಆ್ಯನ್ ಪ್ರೆಸ್ಟನ್ ಎಂಬ ವೈದ್ಯೆ 1861ರಲ್ಲಿ ಸ್ಥಾಪಿಸಿದ ಮಹಿಳಾ ಆಸ್ಪತ್ರೆಯಲ್ಲಿಯೂ ದಾದಿಯರಿಗೆ ಕಲಿಸಲಾಗುತ್ತಿತ್ತು. ಅಲ್ಲಿ ಹ್ಯಾರಿಯೆಟ್ ನ್ಯೂಟನ್ ಫಿಲಿಪ್ಸ್ ಎಂಬವರು 1864ರಲ್ಲಿಯೇ ಪ್ರಮಾಣಪತ್ರ ಪಡೆದಿದ್ದರು. ಅದಕ್ಕೂ ಹಿಂದೆ, 1839ರ ಸುಮಾರಿಗೆ, ಅದೇ ನಗರದಲ್ಲಿ ಬಾಣಂತಿಯರ ಆರೈಕೆಗೆ ಹೆಂಗಸರನ್ನು ಸಿದ್ಧಪಡಿಸುವ ಪ್ರಯತ್ನವೂ ನಡೆದಿತ್ತು. ನಿರ್ದಿಷ್ಟ ಅವಧಿ, ನಿರ್ದಿಷ್ಟ ಪಾಠಕ್ರಮ, ವಿಭಾಗದಿಂದ ವಿಭಾಗಕ್ಕೆ ಸರದಿ, ಕೊನೆಯಲ್ಲಿ ಪ್ರಮಾಣಪತ್ರ ಎಂಬ ವ್ಯವಸ್ಥೆಯುಳ್ಳ ಶಾಲೆಯ ಮೊದಲ ಪದವೀಧರೆ ಎಂಬ ಅರ್ಥದಲ್ಲಿ ರಿಚರ್ಡ್ಸ್ ಅವರಿಗೆ ಆ ಪಟ್ಟ ಸಲ್ಲುತ್ತದೆ. ನೀವು ಬರೆಯುವಾಗ ‘ಅಮೆರಿಕದ ಮೊದಲ ವೃತ್ತಿಪರ ತರಬೇತಿ ಪಡೆದ ನರ್ಸ್ ಎಂದು ಸಾಮಾನ್ಯವಾಗಿ ಪರಿಗಣಿಸಲ್ಪಟ್ಟವರು’ ಎಂದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಎರಡೂ ಕಡೆ ಈ ವಿದ್ಯೆ ಮೊಳೆತದ್ದು ವೈದ್ಯೆಯರೇ ನಡೆಸುತ್ತಿದ್ದ ಮಹಿಳಾ ಆಸ್ಪತ್ರೆಗಳಲ್ಲಿ ಎಂಬುದನ್ನೂ ಗುರುತಿಸಿಕೊಳ್ಳಿ. ಅದು ಆಕಸ್ಮಿಕವಲ್ಲ. ಹೆಣ್ಣಿಗೆ ಹುಟ್ಟಿನಿಂದಲೇ ಶುಶ್ರೂಷೆ ಬರುತ್ತದೆ ಎಂದು ನಂಬಿದವರಿಗೆ ಶಾಲೆಯ ಅಗತ್ಯ ಕಾಣುವುದಿಲ್ಲ. ಓದು ಹೆಣ್ಣನ್ನು ಏನು ಮಾಡಬಲ್ಲದೆಂದು ತಮ್ಮ ಬದುಕಿನಲ್ಲಿಯೇ ಕಂಡವರಿಗೆ ಕಾಣುತ್ತದೆ.

ಆ ಆಸ್ಪತ್ರೆಯ ಬಗ್ಗೆ ಹೇಳುವಾಗ ಇನ್ನೊಬ್ಬರ ಹೆಸರನ್ನು ಬಿಡಲಾರೆ. ಮೇರಿ ಎಲೈಜಾ ಮಹೋನಿ ಅಲ್ಲಿ ಅಡುಗೆ, ಬಟ್ಟೆ ಒಗೆಯುವ ಕೆಲಸ, ಸ್ವಚ್ಛತೆ ಎಂದು ವರ್ಷಗಟ್ಟಲೆ ದುಡಿದು, 1878ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅದೇ ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿದರು. ಆ ವೇಳೆಗೆ ತರಬೇತಿಯ ಅವಧಿ ಹದಿನಾರು ತಿಂಗಳಾಗಿತ್ತು. ಸೇರಿದವರಲ್ಲಿ ಬಹುಪಾಲು ಮಂದಿ ನಡುವೆಯೇ ಬಿಟ್ಟುಹೋದರೆ, 1879ರಲ್ಲಿ ಮುಗಿಸಿ ಹೊರಬಂದ ಕೆಲವೇ ಮಂದಿಯಲ್ಲಿ ಮಹೋನಿ ಒಬ್ಬರು. ಅಮೆರಿಕದಲ್ಲಿ ತರಬೇತಿ ಪೂರೈಸಿದ ಮೊದಲ ಕಪ್ಪುವರ್ಣೀಯ ನರ್ಸ್ ಅವರು. ದೇಶದ ಬೇರೆ ಶಾಲೆಗಳು ಕಪ್ಪು ಜನರಿಗೆ ಬಾಗಿಲು ತೆರೆಯದಿದ್ದ ಕಾಲವದು. ನಿಮ್ಮ ಪಠ್ಯದಲ್ಲಿ ರಿಚರ್ಡ್ಸ್ ಅವರಿಗೆ ಒಂದು ಸಾಲಿದ್ದರೆ, ಅದರ ಕೆಳಗೆ ಮಹೋನಿ ಅವರಿಗೊಂದು ಸಾಲನ್ನು ನೀವೇ ಬರೆದುಕೊಳ್ಳಿ.

ಇವರಿಗೆಲ್ಲ ದಾರಿ ಮಾಡಿಕೊಟ್ಟ ಸೂಸನ್ ಡಿಮಾಕ್ ಹೆಚ್ಚು ಕಾಲ ಬದುಕಲಿಲ್ಲ. 1875ರ ಮೇ ತಿಂಗಳಿನಲ್ಲಿ ಯೂರೋಪಿಗೆ ಹೊರಟಿದ್ದ ಷಿಲ್ಲರ್ ಎಂಬ ಹಡಗು ಇಂಗ್ಲೆಂಡಿನ ಸಿಲಿ ದ್ವೀಪಗಳ ಬಳಿ ಬಂಡೆಗೆ ಬಡಿದು ಮುಳುಗಿದಾಗ ಅದರಲ್ಲಿದ್ದ ಅವರು ತೀರಿಕೊಂಡರು. ಆಗ ಇಪ್ಪತ್ತೆಂಟು ವರ್ಷ. ಅವರ ಮೊದಲ ವಿದ್ಯಾರ್ಥಿನಿ ದೀರ್ಘಾಯುಷಿಯಾಗಿ ಬಾಳಿ, 1923ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, ಕೊನೆಯ ದಿನಗಳನ್ನು ತಾವು ಕಲಿತ ಆಸ್ಪತ್ರೆಯ ಆರೈಕೆಯಲ್ಲಿಯೇ ಕಳೆದು, 1930ರ ಏಪ್ರಿಲ್ 16ರಂದು ಅಲ್ಲಿಯೇ ಕಣ್ಣುಮುಚ್ಚಿದರು. ನಾಲ್ಕು ವರ್ಷ ಮೊದಲು ಮಹೋನಿ ಅವರೂ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಬಾಸ್ಟನ್ನಿನ ರಾಕ್ಸ್‌ಬರಿ ಪ್ರದೇಶದಲ್ಲಿರುವ ಆ ಕಟ್ಟಡಗಳಲ್ಲಿ ಇಂದು ನಡೆಯುತ್ತಿರುವುದು ಸಮುದಾಯ ಆರೋಗ್ಯ ಕೇಂದ್ರ. ಅದಕ್ಕೆ ಇಟ್ಟಿರುವ ಹೆಸರು ಡಿಮಾಕ್ ಅವರದು.